ಗೇಣುದ್ದದ ಎಂಜಿನ್ನಿನ ಉಸಿರು

ಉಗಿಬಂಡಿಯಲ್ಲಿ ದಿನನಿತ್ಯ ಓಡಾಡಿದವರು ನಮ್ಮ ಮನೆಗಳಲ್ಲಿ ಈಗ ಹಿರಿಯರು ಮಾತ್ರ. ನಮ್ಮ ವಯಸ್ಸಿನವರು ಅದನ್ನು ಚಲನಚಿತ್ರಗಳಲ್ಲಿ ನೋಡಿದ್ದೇವೆ. ಮೈಸೂರಿಗೆ ಪ್ರವಾಸ ಹೋದವರು ಅಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮುಟ್ಟಿಯೂ ನೋಡಿದ್ದೇವೆ. ಆ ಎಂಜಿನ್ನುಗಳಿಗೆ ಬಣ್ಣವುಂಟು, ಹೆಸರಿನ ಫಲಕವುಂಟು, ಇಲ್ಲದುದು ಸದ್ದೊಂದೇ. ಬೇರೆ ಯಂತ್ರಗಳ ಮಟ್ಟಿಗೆ ಇದು ಕೊರತೆಯೆನಿಸದು. ಹೊಲಿಗೆಯ ಯಂತ್ರ ಸುಮ್ಮನೆ ನಿಂತಿದ್ದರೂ ಹೊಲಿಗೆಯ ಯಂತ್ರವೇ. ಉಗಿ ಎಂಜಿನ್ನಿನ ಮಾತು ಹಾಗಲ್ಲ. ಅದು ನಿಂತಲ್ಲಿಯೂ ಬುಸುಗುಟ್ಟುತ್ತಿತ್ತು, ಗೊಣಗುತ್ತಿತ್ತು, ಹೊರಡುವಾಗ ಕೆಮ್ಮುತ್ತಿತ್ತು ಎಂದು ಕಂಡವರೆಲ್ಲ ಹೇಳುತ್ತಾರೆ. ಆ ಉಸಿರನ್ನು ಆಟದ ಎಂಜಿನ್ನಿನೊಳಗೆ ಹಿಡಿದಿಡಬೇಕೆಂದು ಪರದೇಶಗಳಲ್ಲಿ ಜನರು ತೊಂಬತ್ತು ವರ್ಷಗಳಿಂದ ಹೆಣಗುತ್ತ ಬಂದಿದ್ದಾರೆ. ಹೆಣಗುವವರು ಮಕ್ಕಳೆಂದು ತಿಳಿಯಬೇಡಿ. ಮೀಸೆ ನರೆತ ಸಂಸಾರಸ್ಥರು! ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ಸಂಪಾದಕರು ಹುಬ್ಬೇರಿಸಬಾರದು. ಸಂಗೀತವನ್ನು ಕುರಿತು ಬರೆಯಬಹುದಾದರೆ ಇದನ್ನು ಕುರಿತೂ ಬರೆಯಬಹುದೆಂದು ನನ್ನ ಎಣಿಕೆ.

ನನ್ನ ಸೋದರಮಾವ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನೌಕರಿಯಲ್ಲಿದ್ದಾರೆ. ಹೋದ ವರ್ಷ ರಜೆಗೆ ಬಂದಾಗ ಒಂದು ಮಾದರಿ ಎಂಜಿನ್ನನ್ನೂ, ಅದರ ಕಂಬಿಗಳನ್ನೂ, ಆರು ಡಬ್ಬಿಗಳನ್ನೂ ತಂದರು. ಜರ್ಮನಿಯ ರೈಲ್ವೆಯಲ್ಲಿ ೧೯೨೬ರಲ್ಲಿ ಓಡತೊಡಗಿದ ೦೧ ಎಂಬ ವರ್ಗದ ಎಂಜಿನ್ನಿನ ಪ್ರತಿರೂಪ ಅದು. ಮೂಲದ ಎಂಬತ್ತೇಳರಲ್ಲಿ ಒಂದು ಪಾಲು. ಕಲ್ಲಿದ್ದಲಿನ ಬಂಡಿಯೂ ಸೇರಿ ಉದ್ದ ಒಂದು ಗೇಣು, ಮೇಲೆ ಎರಡು ಮೂರು ಬೆರಳು. ನಿಜವಾದ ಎಂಜಿನ್ನಿನ ಎರಡು ಮೀಟರ್ ಎತ್ತರದ ಗಾಲಿ ಇದರಲ್ಲಿ ೨೩ ಮಿಲಿಮೀಟರ್. ಒಳಗೆ ಉಗಿಯೂ ಇಲ್ಲ, ಬೆಂಕಿಯೂ ಇಲ್ಲ. ಇರುವುದು ವಿದ್ಯುತ್ ಮೋಟಾರು. ಸದ್ದೆಲ್ಲ ಕಲ್ಲಿದ್ದಲಿನ ಬಂಡಿಯ ಹೊಟ್ಟೆಯಲ್ಲಿ ಅಡಗಿಸಿಟ್ಟ ಒಂದು ಚಿಪ್ಪು ಮತ್ತು ಒಂದು ಪುಟ್ಟ ಸ್ಪೀಕರಿನ ಕರಾಮತ್ತು.

ಇದನ್ನು ಮೆಚ್ಚುವ ಮೊದಲು ನಿಜವಾದ ಎಂಜಿನ್ನು ಸದ್ದು ಮಾಡುತ್ತಿದ್ದುದು ಏಕೆಂಬುದನ್ನು ತಿಳಿಯಬೇಕು. ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ ಕೆಲಸ ಮುಗಿಸಿದ ಉಗಿ ಸುಮ್ಮನೆ ಹೊರಗೆ ಹೋಗುವುದಿಲ್ಲ. ಅದನ್ನು ಹೊಗೆಕೊಳವೆಯ ಕೆಳಗಿನ ಒಂದು ಕಿರುಬಾಯಿಯಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಹೀಗೆ ಚಿಮ್ಮುವ ಉಗಿ ಹೊಗೆಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ; ಹೊಗೆ ಹೋದ ಜಾಗಕ್ಕೆ ಒಲೆಯ ಮೂಲಕ ಹೊಸ ಗಾಳಿ ನುಗ್ಗುತ್ತದೆ; ಬೆಂಕಿ ಭುಗಿಲೇಳುತ್ತದೆ. ಎಂಜಿನ್ನು ಹೆಚ್ಚು ದುಡಿದಷ್ಟೂ ಹೆಚ್ಚು ಏದುತ್ತದೆ, ಏದಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಉಗಿಯು ಪಿಸ್ಟನ್ನನ್ನು ಎರಡು ಕಡೆಯಿಂದಲೂ ತಳ್ಳುವುದರಿಂದ ದೊಡ್ಡ ಗಾಲಿಯ ಒಂದು ಸುತ್ತಿಗೆ ನಾಲ್ಕು ಏದುಸಿರು. ಮೂರು ಸಿಲಿಂಡರಿದ್ದರೆ ಆರು. ಇಂಗ್ಲೆಂಡಿನ ಸದರ್ನ್ ರೈಲ್ವೆಯ ಲಾರ್ಡ್ ನೆಲ್ಸನ್ ವರ್ಗದಲ್ಲಿ ನಾಲ್ಕು ಸಿಲಿಂಡರುಗಳ ಕ್ರ್ಯಾಂಕುಗಳನ್ನು ಬೇಕೆಂದೇ ಓರೆಯಾಗಿ ಜೋಡಿಸಿ ಸುತ್ತಿಗೆ ಎಂಟು ಮಾಡಿದ್ದರು. ಅಮೆರಿಕದ ಬಿಗ್ ಬಾಯ್ ಎಂಬ ದೈತ್ಯನಲ್ಲಿ ಎರಡು ಎಂಜಿನ್ನುಗಳ ಗಾಲಿಗಳನ್ನು ಒಂದೇ ಬಾಯ್ಲರಿನ ಕೆಳಗೆ ಕೂಡಿಸಿದ್ದಾರೆ. ಆದುದರಿಂದ ಎರಡು ತಾಳಗಳು ಒಮ್ಮೆ ಕೂಡಿ ಒಮ್ಮೆ ಅಗಲಿ ನಡೆಯುತ್ತವೆ. ತಬಲಾ ಬಲ್ಲ ನಮ್ಮ ಸಹಪಾಠಿಗಳು ಇದನ್ನು ನನಗಿಂತ ಚೆನ್ನಾಗಿ ವಿವರಿಸಿಯಾರು.

ಇಷ್ಟನ್ನು ಆಟಿಕೆಯಲ್ಲಿ ತರುವುದು ಹೇಗೆ? ಅಮೆರಿಕದ ಲಯೊನೆಲ್ ಸಂಸ್ಥೆ ೧೯೩೫ರಲ್ಲಿ ಕಲ್ಲಿದ್ದಲಿನ ಬಂಡಿಯೊಳಗೆ ಒಂದು ಮೋಟಾರು, ಒಂದು ಗಾಳಿಚಕ್ರ, ಒಂದು ಸೀಟಿ ಇವಿಷ್ಟನ್ನು ಇಟ್ಟಿತು. ಕಂಬಿಯಲ್ಲಿ ಹರಿಯುವ ವಿದ್ಯುತ್ತಿನ ಜೊತೆಗೆ ಬೇರೊಂದು ಬಗೆಯ ವಿದ್ಯುತ್ತನ್ನು ಬೆರೆಸಿದ ಕ್ಷಣ ಸೀಟಿ ಕೂಗುತ್ತಿತ್ತು. ಏದುಸಿರಿನ ಕೆಲಸ ಇದಕ್ಕಿಂತ ಕಷ್ಟದ್ದು. ಕೆಲವು ಆಟಿಕೆಗಳಲ್ಲಿ ಪಂಪಿನಿಂದ ಗಾಳಿಯನ್ನು ಫೂ ಎನಿಸಿದರು. ಕೆಲವರಲ್ಲಿ ಗಾಲಿಯ ಅಚ್ಚಿಗೆ ಉರುಟಾದುದೇನನ್ನಾದರೂ ಉಜ್ಜಿಸಿ ಕರಕರ ಎನಿಸಿದರು. ಅದು ರೈಲಿಗಿಂತ ಹೆಚ್ಚಾಗಿ ಇಲಿಯನ್ನು ಜ್ಞಾಪಕಕ್ಕೆ ತರುತ್ತಿದ್ದರೆ ಆಶ್ಚರ್ಯವಿಲ್ಲ. ಆಮೇಲೆ, ೧೯೭೦ರ ದಶಕದಲ್ಲಿ, ಜಪಾನಿನಿಂದ ಹಿತ್ತಾಳೆಯ ಮಾದರಿಗಳನ್ನು ತರಿಸುತ್ತಿದ್ದ ಪೆಸಿಫಿಕ್ ಫಾಸ್ಟ್ ಮೇಲ್ ಎಂಬ ಅಮೆರಿಕದ ಸಂಸ್ಥೆಯವರು ಜಾಣ ಉಪಾಯವೊಂದನ್ನು ಪ್ರಚಾರಕ್ಕೆ ತಂದರು. ಸದ್ದನ್ನು ಹುಟ್ಟಿಸುವ ಪೆಟ್ಟಿಗೆ ಮೇಜಿನ ಪಕ್ಕದಲ್ಲಿ. ಸದ್ದು ಕಂಬಿಯ ಮೂಲಕವೇ ಹೋಗಿ ಎಂಜಿನ್ನಿನ ಸ್ಪೀಕರಿನಲ್ಲಿ ಹೊರಬೀಳುತ್ತದೆ. ಯಾವಾಗ ಏದಬೇಕೆಂಬುದನ್ನು ಗಾಲಿಯ ಅಚ್ಚಿಗೆ ತಗಲುವ ಒಂದು ಸಂಪರ್ಕತಂತಿ ತಿಳಿಸುತ್ತದೆ. ಗಾಲಿ ತಿರುಗಿದರೆ ಮಾತ್ರ ಉಸಿರು! ನನಗಂತೂ ಈ ಒಂದು ತಂತಿಯೇ ಇಡೀ ಇತಿಹಾಸದ ತಿರುವು ಎನಿಸುತ್ತದೆ.

ಇಂದಿನ ಪದ್ಧತಿ ೧೯೯೦ರ ದಶಕದ ನಡುವಿನಲ್ಲಿ ಬಂದುದು. ಜರ್ಮನಿಯ ಲೆಂಜ್ ಎಂಬವರ ಕೆಲಸವನ್ನು ತಳಹದಿಯಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಒಂದು ಗೊತ್ತಾದ ಸಂಕೇತಭಾಷೆಯನ್ನು ಅಂಗೀಕರಿಸಿತು. ಕಂಬಿಯಲ್ಲಿ ಯಾವಾಗಲೂ ವಿದ್ಯುತ್ ಇರುತ್ತದೆ. ಅದರ ಮಿಡಿತಗಳಲ್ಲಿಯೇ ಅಪ್ಪಣೆಗಳಿರುತ್ತವೆ. ಅಂಚೆಯವನು ಓಣಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಎಲ್ಲ ಮನೆಗೂ ಕೇಳಿಸುತ್ತದೆ, ಬಾಗಿಲು ತೆರೆಯುವವರು ಒಬ್ಬರೇ. ಹಾಗೆಯೇ ಒಂದೊಂದು ಎಂಜಿನ್ನಿನ ಚಿಪ್ಪೂ ತನ್ನ ವಿಳಾಸಕ್ಕೆ ಬಂದ ಅಪ್ಪಣೆಯನ್ನು ಮಾತ್ರ ಪಾಲಿಸುತ್ತದೆ. ಈ ಚಿಪ್ಪಿನಲ್ಲಿ ನಿಜವಾದ ಎಂಜಿನ್ನುಗಳಿಂದ ಮುದ್ರಿಸಿಕೊಂಡ ಸದ್ದುಗಳನ್ನು ತುಂಬಿರುತ್ತಾರೆ: ಸೀಟಿ, ಗಂಟೆ, ನೀರಿನ ಪಂಪು, ಸಲಿಕೆಯಿಂದ ಕಲ್ಲಿದ್ದಲು ಎತ್ತಿಹಾಕುವ ಸದ್ದು ಕೂಡ.

ಮಾವ ಮೇಜಿನ ಮೇಲೆ ಕಂಬಿ ಹಾಸಿ ಎಂಜಿನ್ನನ್ನು ಓಡಿಸಿದರು. ಓಣಿಯ ಹುಡುಗರೆಲ್ಲ ಬೆರಗಾದರು, ನಾನೂ ಬೆರಗಾದೆ. ಬೆರಗಾಗದವರು ನಮ್ಮ ಅಜ್ಜ ಒಬ್ಬರೇ. ತಾಯಿಯ ತಂದೆಯಾದ ಇವರು ಹುಬ್ಬಳ್ಳಿಯ ಲೋಕೋ ಶೆಡ್ಡಿಗೆ ಕ್ಲೀನರ್ ಆಗಿ ಸೇರಿ, ಫೈರ್‌ಮನ್ ಆಗಿ, ಕಡೆಗೆ ಡ್ರೈವರ್ ಆದವರು. ಮೀಟರ್‌ಗೇಜಿನ ವೈ.ಪಿ. ಎಂಜಿನ್ನಿನ ಮೇಲೆ ಆಯುಷ್ಯದ ಬಹುಭಾಗ ಕಳೆದಿದ್ದಾರೆ. ಕನ್ನಡಕ ಏರಿಸಿ ಮೊದಲು ಗಾಲಿಗಳನ್ನು ಎಣಿಸಿದರು. "ಮುಂದ ನಾಕು, ನಡುವ ಆರು, ಹಿಂದ ಎರಡು. ನಮ್ಮ ವೈ.ಪಿ. ಹಂಗ ಐತಿ" ಎಂದರು. ಆಮೇಲೆ ಕಿವಿಯನ್ನು ಮೇಜಿಗೆ ಹತ್ತಿರ ತಂದು ಬಹಳ ಹೊತ್ತು ಕೇಳಿದರು.

"ಏ ತಮ್ಮಾ, ಇದು ಗಾಡಿ ಎಳ್ಯಾಕ ಹತ್ತಿಲ್ಲ. ಬರೇ ಸಪ್ಪಳ ಮಾಡಾಕ ಹತ್ತೈತಿ."

ಮಾವನ ಮುಖ ಸಣ್ಣದಾಯಿತು. ಸಾವಿರಾರು ಮೈಲಿಗಳಿಂದ ಹೊತ್ತು ತಂದುದು ಯಾರಿಗಾಗಿ ಎಂಬುದು ನನಗೆ ಆಗ ತಿಳಿಯಿತು.

"ಏನು ತಪ್ಪೈತಿ ಹೇಳ್ರಿ ಅಪ್ಪಾ."

"ಗಾಲಿ ಒಂದ ಸುತ್ತ ಹೊಡದ್ರ ನಾಕ ಬಡಿತ ಬರಬೇಕು. ಇಲ್ಲಿ ಗಾಲೀದು ಒಂದು ಲೆಕ್ಕ, ಸಪ್ಪಳದ್ದು ಒಂದು ಲೆಕ್ಕ."

ಗಾಲಿಯ ಅಂಚಿಗೆ ಸುಣ್ಣದ ಚುಕ್ಕೆಯಿಟ್ಟು, ಅತಿ ನಿಧಾನವಾಗಿ ಓಡಿಸಿ, ಎಣಿಸಿದೆವು. ಹತ್ತು ಸುತ್ತಿಗೆ ನಲವತ್ತು ಬರಬೇಕಾದಲ್ಲಿ ಐವತ್ತರ ಹತ್ತಿರ ಬಂದಿತು! ಕಾರಣವೆಂದರೆ, ಹಿಂದಿನವರ ಸಂಪರ್ಕತಂತಿ ಈ ಎಂಜಿನ್ನಿನಲ್ಲಿ ಇಲ್ಲ. ವೇಗವನ್ನು ಊಹಿಸಿ ಚಿಪ್ಪು ತಾನೇ ಏದುತ್ತದೆ. ಆ ಊಹೆಯನ್ನು ತಿದ್ದಲು ಸಂಖ್ಯೆಗಳುಂಟು. ಮಾವ ಒಂದು ಸಂಖ್ಯೆಯನ್ನು ಏರಿಸುವುದು, ನಾನು ಚುಕ್ಕೆಯನ್ನು ಎಣಿಸುವುದು, ಹೀಗೆ ಸಂಜೆಯಾಯಿತು. ನಲವತ್ತಕ್ಕೆ ಬಂದು ನಿಂತಾಗ ಅಜ್ಜ, "ಈಗ ಗಾಲಿ ಮಾತು ಕೇಳಾಕ ಹತ್ತೈತಿ" ಎಂದರು.

ಅಷ್ಟಕ್ಕೆ ಬಿಡುವವರಲ್ಲ. ಹಲಗೆಯ ಒಂದು ತುದಿಗೆ ನನ್ನ ಚರಿತ್ರೆಯ ಪುಸ್ತಕಗಳನ್ನು ಒಟ್ಟಿ ಏರು ಮಾಡಿಸಿದರು. ಆರು ಡಬ್ಬಿಗಳನ್ನು ಕಟ್ಟಿ ಏರಿನಲ್ಲಿ ಬಿಟ್ಟರೂ ಎಂಜಿನ್ನು ಸಮತಟ್ಟಿನಲ್ಲಿ ಏದಿದಂತೆಯೇ ಏದುತ್ತಿತ್ತು. ಅಜ್ಜ ತಲೆಯಾಡಿಸಿದರು. ನಿಜವಾದ ಎಂಜಿನ್ನಿನಲ್ಲಿ ಹೊರಡುವಾಗಲೂ ಏರಿನಲ್ಲಿಯೂ ಸಿಲಿಂಡರಿಗೆ ಹೆಚ್ಚು ಹೊತ್ತು ಉಗಿಯನ್ನು ಬಿಡುತ್ತಾರೆ. ಹಿಗ್ಗಲು ಎಡೆ ಸಿಕ್ಕದ ಉಗಿ ಬಿರುಸಾಗಿ ಸಿಡಿಯುತ್ತದೆ. ಓಟ ಹಿಡಿದ ಮೇಲೆ ಉಗಿಯನ್ನು ಬೇಗನೆ ತಡೆದು, ಒಳಗೇ ಹಿಗ್ಗಗೊಟ್ಟು ಕೆಲಸ ಮಾಡಿಸುತ್ತಾರೆ. ಆಗ ಸದ್ದು ಮೆತ್ತಗಾಗುತ್ತದೆ. ಇಳಿಜಾರಿನಲ್ಲಿ ಉಗಿಯನ್ನೇ ನಿಲ್ಲಿಸಿದರೆ ಉಳಿಯುವುದು ಸಲಾಕೆಗಳ ಖಣಖಣ ಮಾತ್ರ. ಈ ಭೇದವನ್ನೂ ಚಿಪ್ಪಿಗೆ ಕಲಿಸಬಹುದು. ತಿರುಗುವ ಮೋಟಾರು ತನ್ನಲ್ಲಿಯೇ ಎದುರು ವಿದ್ಯುತ್ತನ್ನು ಹುಟ್ಟಿಸುತ್ತದೆ. ಭಾರ ಬಿದ್ದು ವೇಗ ತಗ್ಗಿದರೆ ಅದೂ ತಗ್ಗುತ್ತದೆ. ಚಿಪ್ಪು ಅದನ್ನು ಅಳೆದು, ಭಾರಕ್ಕೆ ತಕ್ಕಂತೆ ಸ್ವರವನ್ನು ಗಡುಸು ಮಾಡುತ್ತದೆ. ಈ ಏರ್ಪಾಡು ನಮ್ಮ ಎಂಜಿನ್ನಿನಲ್ಲಿ ಇದ್ದಿತು, ಆದರೆ ಮಲಗಿದ್ದಿತು. ಅದನ್ನು ಎಬ್ಬಿಸಿ ಮತ್ತೆ ಏರಿಗೆ ಬಿಟ್ಟಾಗ ಅಜ್ಜನ ಬಲಗೈ ತಾನಾಗಿಯೇ ಮುಂದೆ ಚಾಚಿತು. ರೆಗ್ಯುಲೇಟರಿನ ಹಿಡಿಯನ್ನು ಹುಡುಕುವವರಂತೆ.

ಇಲ್ಲಿಂದ ಮುಂದಿನ ತೊಡಕು ಯಾವ ಸಂಖ್ಯೆಗೂ ಬಗ್ಗುವಂಥದಲ್ಲ. ಎಂಬತ್ತೇಳನೆಯ ಒಂದು ಪಾಲಿಗೆ ಗಾಲಿಯನ್ನು ಕುಗ್ಗಿಸಬಹುದು, ಹೊಗೆಕೊಳವೆಯನ್ನು ಕುಗ್ಗಿಸಬಹುದು, ಸ್ವರವನ್ನು ಕುಗ್ಗಿಸಲಾಗದು. ಸೆಕೆಂಡಿಗೆ ನೂರು ಕಂಪನಗಳ ಮಂದ್ರಸ್ವರದ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅದನ್ನು ಎಬ್ಬಿಸಬೇಕಾದುದು ಹದಿನೈದು ಮಿಲಿಮೀಟರ್ ಉದ್ದ, ಹನ್ನೊಂದು ಮಿಲಿಮೀಟರ್ ಅಗಲದ ಸ್ಪೀಕರು! ಡಗ್ಗಾದ ಬೋಲನ್ನು ಬೆಂಕಿಪೆಟ್ಟಿಗೆಯ ಮೇಲೆ ನುಡಿಸಿದ ಹಾಗೆ. ಹಿಂದುಗಡೆ ಗಾಳಿಯಾಡದ ಗೂಡೊಂದನ್ನು ಕಟ್ಟದಿದ್ದರೆ ಮುಂದಿನ ಅಲೆಯನ್ನು ಹಿಂದಿನ ಅಲೆ ಅಳಿಸಿಹಾಕಿ ಇರುವಷ್ಟು ಸ್ವರವೂ ಹೋಗುತ್ತದೆ. ಅಜ್ಜನ ಕಿವಿಯೋ ವಯಸ್ಸಿನಿಂದಲೂ ಬಾಯ್ಲರಿನ ಅಬ್ಬರದಿಂದಲೂ ತಾರಸ್ವರಗಳನ್ನು ಕಳೆದುಕೊಂಡಿದೆ. ಸ್ಪೀಕರಿಗೆ ಮಂದ್ರವಿಲ್ಲ, ಕೇಳುವವರಿಗೆ ತಾರವಿಲ್ಲ. ನಡುವೆ ಉಳಿದುದು ಸ್ವಲ್ಪವೇ. ಕೆಲವು ಹವ್ಯಾಸಿಗಳು ಮೇಜಿನ ಕೆಳಗೆ ದೊಡ್ಡ ಸ್ಪೀಕರನ್ನಿಟ್ಟು ಮಂದ್ರವನ್ನು ಅದರಿಂದ ನುಡಿಸುತ್ತಾರೆ. ಮಂದ್ರಸ್ವರ ಎತ್ತಣಿಂದ ಬರುತ್ತದೆಂಬುದನ್ನು ಕಿವಿ ಸುಲಭವಾಗಿ ಗುರುತಿಸದಾದ್ದರಿಂದ ಮೋಸ ಬಯಲಾಗದು. ನಾವೂ ಮನೆಯ ಹಳೆಯ ಸ್ಪೀಕರೊಂದನ್ನು ಹಾಗೆ ಇಟ್ಟೆವು. ಅಜ್ಜ ಅಂಗೈಯನ್ನು ಹಲಗೆಯ ಮೇಲೆ ಊರಿ ಕಣ್ಣು ಮುಚ್ಚಿಕೊಂಡರು. ಹೆಚ್ಚಿನಂಶ ಅವರು ಅಂದು ಕೇಳಿದ್ದು ಕೈಯಿಂದಲೇ.

ಸ್ವರವನ್ನು ಏರಿಸಿದರಾಯಿತು ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡಡಿ ದೂರದಿಂದ ಈ ಎಂಜಿನ್ನನ್ನು ನೋಡುವುದೆಂದರೆ ನಿಜವಾದ ಎಂಜಿನ್ನನ್ನು ೧೭೪ ಅಡಿ ದೂರದಿಂದ ನೋಡಿದಂತೆ. ಸದ್ದೂ ಅಷ್ಟು ದೂರದಿಂದ, ಹೊಲದಾಚೆಯಿಂದ ತೇಲಿ ಬಂದಂತಿರಬೇಕು. ಅಂಗಡಿಗಳಲ್ಲಿ ಮಾರಾಟಕ್ಕೆ ಕೂಗಿಸುವಂತೆ ಕೂಗಿಸಿದರೆ ಅದು ಎಂಜಿನ್ನಿನ ಸದ್ದಲ್ಲ, ಸ್ಪೀಕರಿನ ಸದ್ದು. ಮಾವ ಮೊದಲು ಇಟ್ಟಿದ್ದ ಪ್ರಮಾಣದ ಮೂರರಲ್ಲಿ ಒಂದು ಪಾಲಿಗೆ ನಾವು ಇಳಿಸಿದೆವು. ಹುಡುಗರಿಗೆ ಬೇಸರವಾಯಿತು, ಕಿಟಕಿಯ ಹತ್ತಿರ ಕುಳಿತಿದ್ದ ಅಜ್ಜಿ ಮಾತ್ರ "ಗಾಡಿ ಬಂತೇನು?" ಎಂದು ಹೊರಗೆ ನೋಡಿದರು.

ಅಜ್ಜನ ಕೊನೆಯ ಆಕ್ಷೇಪ ಉಳಿದೇ ಇದೆ. ಈ ಎಂಜಿನ್ನಿನ ನಾಲ್ಕು ಏದುಸಿರೂ ಒಂದೇ ತೂಕ. ನಿಜವಾದುವುಗಳಲ್ಲಿ ಹಾಗಿರುತ್ತಿರಲಿಲ್ಲ, ಕವಾಟದ ಹೊಂದಿಕೆ ಕೂದಲೆಳೆ ತಪ್ಪಿದರೂ ಒಂದು ಬಡಿತ ಜೋರು, ಒಂದು ಮೆತ್ತಗೆ. ಶೆಡ್ಡಿಗೆ ಬರುವ ಎಂಜಿನ್ನು ಯಾವುದೆಂಬುದನ್ನು ಮನೆಯಲ್ಲಿ ಮಲಗಿದ್ದಲ್ಲಿಂದಲೇ ಅದರ ಕುಂಟಿನಿಂದ ಗುರುತಿಸುತ್ತಿದ್ದರಂತೆ. ಹೊಸ ಚಿಪ್ಪುಗಳಲ್ಲಿ ಬೇರೆಬೇರೆ ಬಡಿತಗಳನ್ನು ತುಂಬಿಸುವ ಏರ್ಪಾಡಿದೆ. ಆದರೆ ತುಂಬುವುದಕ್ಕೆ ಸದ್ದು ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ ಪೀಟರ್ ಹ್ಯಾಂಡ್‌ಫರ್ಡ್, ಅಮೆರಿಕದಲ್ಲಿ ವಿನ್‌ಸ್ಟನ್ ಲಿಂಕ್ ಇವರು ೧೯೫೦ರ ದಶಕದಲ್ಲಿಯೇ ಯಂತ್ರ ಹೊತ್ತು ಕಂಬಿಯ ಬದಿಯಲ್ಲಿ ನಿಂತು ಉಗಿ ಎಂಜಿನ್ನುಗಳ ಸದ್ದನ್ನು ಮುದ್ರಿಸಿಟ್ಟರು. ನಮ್ಮ ವೈ.ಪಿ.ಗಳು ೧೯೪೯ರಿಂದ ೧೯೭೦ರವರೆಗೆ ಎಂಟುನೂರಕ್ಕೂ ಮೇಲ್ಪಟ್ಟು ತಯಾರಾದವು. ಬ್ರಾಡ್‌ಗೇಜಿನಲ್ಲಿ ದಿನನಿತ್ಯದ ಉಗಿಬಂಡಿ ೧೯೯೫ರ ಡಿಸೆಂಬರಿನಲ್ಲಿ ನಿಂತಿತು. ಮೀಟರ್‌ಗೇಜಿನದು ಅದಾಗಿ ಕೆಲವೇ ವರ್ಷಗಳಲ್ಲಿ. ಮಾವ ತಿರುವಿ ಹಾಕಿದ ಪಟ್ಟಿಗಳಲ್ಲಿ ಜರ್ಮನಿಯ, ಇಂಗ್ಲೆಂಡಿನ, ಅಮೆರಿಕದ ಎಂಜಿನ್ನುಗಳ ಸ್ವರಗಳು ಮಾರಾಟಕ್ಕಿದ್ದವು, ವೈ.ಪಿ.ಯದು ಇರಲಿಲ್ಲ.

ಲೆಕ್ಕವೇನೋ ನಾನು ಹಾಕಿಟ್ಟಿದ್ದೇನೆ. ವೈ.ಪಿ.ಯ ಗಾಲಿಯ ವ್ಯಾಸ ನಾಲ್ಕೂವರೆ ಅಡಿ, ಸುತ್ತಳತೆ ಸುಮಾರು ೧೪ ಅಡಿ. ಗಂಟೆಗೆ ೧೫ ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕು ಬಡಿತ, ೪೫ರಲ್ಲಿ ಹನ್ನೆರಡು. ನಾಲ್ಕನ್ನು ಎಣಿಸಬಹುದು, ಹನ್ನೆರಡು ಬರೀ ಮೊರೆತ. ಅಜ್ಜನಿಗೆ ಈ ಲೆಕ್ಕದ ಹಂಗಿಲ್ಲ. ಏರಿನಲ್ಲಿ ಎಂಜಿನ್ನು ಫೈರ್‌ಮನ್ನನಿಗೆ "ಹಾಕ, ಹಾಕ, ಇನ್ನಷ್ಟ, ಹಾಕ" ಎನ್ನುತ್ತಿತ್ತಂತೆ. ಮೂರನೆಯದರ ಮೇಲೆ ಒತ್ತು. ಅದನ್ನು ಅವರು ಬಾಯಿಂದ ಮಾಡಿ ತೋರಿಸುತ್ತಾರೆ: ಗಂಟಲಿನ ಆಳದಿಂದ, ಹೊಟ್ಟೆಯನ್ನು ಎಳೆದುಕೊಂಡು. ಹೋದ ತಿಂಗಳು ಅದನ್ನು ನನ್ನ ಮೊಬೈಲಿನಲ್ಲಿ ಮುದ್ರಿಸಿದೆ. ನಮ್ಮದೇ ಸದ್ದನ್ನು ಚಿಪ್ಪಿಗೆ ತುಂಬಲು ಬರುವ ಸಲಕರಣೆಯೊಂದು ಜರ್ಮನಿಯಲ್ಲಿ ಸಿಗುತ್ತದೆ. ಮಾವ ಅದನ್ನು ಕೊಂಡಿದ್ದಾರೆ. ನಾಲ್ಕು ಬಡಿತಗಳನ್ನೂ ಬೇರೆಬೇರೆಯಾಗಿ ಕತ್ತರಿಸಿ ಕಳಿಸಿದ್ದೇನೆ. ಕುಂಟು ಹಾಗೆಯೇ ಇರಲಿ, ತಿದ್ದಬೇಡವೆಂದು ಅಜ್ಜ ಬರೆಯಿಸಿದ್ದಾರೆ. ಇಂಜೆಕ್ಟರಿನ ಹಾಡು ಇನ್ನೂ ಬಾಕಿ. ಅದಕ್ಕೆ ಹಲ್ಲು ಕಟ್ಟಿಸಿಕೊಂಡ ಮೇಲೆ ಕೂಡುತ್ತಾರಂತೆ. ಬೊಚ್ಚುಬಾಯಿಂದ ಅದು ಸರಿಯಾಗಿ ಹೊರಡುವುದಿಲ್ಲ.