ನೂರು ಕಿಲೋಮೀಟರ್ ಅಂತ ಬರೆದಿದ್ದೆ

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ನಿರ್ಣಾಕ್ಕೆ ವಾಪಸ್ ಬಂದಾಗ ನನಗೆ ಗಾಡಿಗಳ ಸುದ್ದಿ ಅಂದ್ರೆ ಹುಚ್ಚು. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗಿಳಿಸಿದ್ದರು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ನಮ್ಮ ಕರ್ನಾಟಕವೇ. ಇದನ್ನೆಲ್ಲ ಹೆಮ್ಮೆಯಿಂದ ಬರೆದೆ.

ಒಮ್ಮೆ ಒಂದು ಕಂಪನಿ ಕೊಟ್ಟ ಕಾಗದ ನೋಡಿಯೇ, ಸ್ಕೂಟರ್ ಒಂದು ಚಾರ್ಜಿಗೆ ನೂರು ಕಿಲೋಮೀಟರ್ ಓಡುತ್ತೆ ಅಂತ ಸುದ್ದಿ ಕಳಿಸಿದೆ. ಅದನ್ನೋದಿ ನಮ್ಮ ಓಣಿಯ ಕಾಕಾ ಸಾಲ ಮಾಡಿ ಗಾಡಿ ತಂದರು. ಹಾಲಿನ ಕ್ಯಾನ್ ಹೇರಿಕೊಂಡು ಹೋದವರು ಅರ್ಧ ದಾರಿಯಲ್ಲೇ ನಿಂತರು.

‘ನಿನ್ನ ಸುದ್ದಿ ಓದೇ ತಗೊಂಡೀನಿ ತಮ್ಮಾ’ ಅಂದ್ರು. ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕಂಪನಿ ಹೇಳೋದು ಪರೀಕ್ಷೆಯ ಲೆಕ್ಕ. ಭಾರ, ಏರು, ವೇಗ ಹೆಚ್ಚಾದಷ್ಟೂ ಬ್ಯಾಟರಿ ಬೇಗ ಖಾಲಿಯಾಗುತ್ತೆ. ಈಗ ಮೊದಲು ಮೂರು ಮಾತು ಕೇಳ್ತೀನಿ: ಲೋಡ್ ಹಾಕಿದ್ರೆ ಎಷ್ಟು ಓಡುತ್ತೆ? ಬ್ಯಾಟರಿ ಬದಲಿಸೋಕೆ ಎಷ್ಟು ರೊಕ್ಕ? ಹತ್ತಿರದಲ್ಲಿ ರಿಪೇರಿ ಎಲ್ಲಿ? ಉತ್ತರ ಸಿಗದಿದ್ರೆ ಸುದ್ದಿ ಕಳಿಸಲ್ಲ. ಸುದ್ದಿ ಕಡಿಮೆಯಾದ್ರೆ ನನಗೆ ಬರೋ ರೊಕ್ಕವೂ ಕಡಿಮೆ. ಇರಲಿ. ಕಾಕಾ ಇನ್ನೂ ಕಂತು ಕಟ್ಟುತ್ತಿದ್ದಾರೆ.