ಜೂನ್ 1ಕ್ಕೆ ಹುಟ್ಟಿದವರೆಲ್ಲಾ ಇದನ್ನ ಓದ್ರಿ

1/7
ವಿಶ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್ ರೀ. ಮುಖಕ್ಕೆಲ್ಲಾ ಕ್ರೀಮ್ ಹತ್ತಿದ ಫೋಟೋನೇ ಹುಡುಕಿ ಸ್ಟೋರಿ ಹಾಕಿದವರಿಗೆ ಒಂದು ಥ್ಯಾಂಕ್ಸ್ ಜಾಸ್ತಿ. ಅವತ್ತು ಕಡಗಂಚಿ ಕ್ಯಾಂಪಸ್ಸಿನ ನಮ್ಮ ಕಾರಿಡಾರಿನಲ್ಲಿ ಒಂದೇ ಕೇಕಿನ ಮೇಲೆ ನಾಲ್ಕು ಹೆಸರಿದ್ದವು. ಆಳಂದದವರು ಒಬ್ಬರು, ಜೇವರ್ಗಿಯವರು ಇಬ್ಬರು, ಅಫಜಲಪುರದಿಂದ ನಾನು. ನಾಲ್ವರದ್ದೂ ಜೂನ್ 1. ಕೇರಳದ ಗೆಳೆಯ ತಲೆ ಕೆರೆದುಕೊಂಡು, "ನಿಮ್ಮ ಜಿಲ್ಲೆಯಲ್ಲಿ ಎಲ್ಲರೂ ಒಂದೇ ದಿನ ಹುಟ್ತೀರಾ?" ಅಂತ ಕೇಳಿದ. ನಾವು ಬಿದ್ದು ಬಿದ್ದು ನಕ್ಕೆವು. ನಿಮಗೂ ನಗು ಬರ್ಲಾಕತ್ತದ ಅಂದ್ರ ನೀವು ನಮ್ಮ ಕಡೆಯವರೇ.

ಪರೀಕ್ಷೆ ಮುಗಿದಿತ್ತು. ರಿಸಲ್ಟ್ ಬಂದಿರಲಿಲ್ಲ. ಗೈಡ್ ಫೋನ್ ಮಾಡಿರಲಿಲ್ಲ. ಹಂಗ ಖಾಲಿ ಸಿಕ್ಕ ಹತ್ತು ದಿನದ ಕಥೆ ಇದು. ಸ್ವಲ್ಪ ಉದ್ದ ಅದ, ಚಹಾ ಹಿಡಕೊಂಡು ಕೂಡ್ರಿ.

2/7
ಮೊದಲು ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಗುವಿನ ವಯಸ್ಸನ್ನು ಜೂನ್ 1ಕ್ಕೆ ಲೆಕ್ಕ ಹಾಕ್ತಾರೆ. ಆ ದಿನಕ್ಕೆ ಇಷ್ಟು ವರ್ಷ ತುಂಬಿರಬೇಕು ಅಂತ. ಅವ್ವ ಮಗುವಿನ ಕೈ ಹಿಡಿದು ಶಾಲೆಗೆ ಬರ್ತಾಳೆ. ಮಾಸ್ತರು, "ಯಾವಾಗ ಹುಟ್ಟಿದ್ದವ್ವಾ?" ಅಂತಾರೆ. "ತೊಗರಿ ಹೂವಿಗೆ ಬಂದಿತ್ರೀ ಸರ." ದಾಖಲಾತಿ ಪುಸ್ತಕದಲ್ಲಿ ತೊಗರಿ ಹೂವಿಗೆ ಕಾಲಂ ಇಲ್ಲ. ಮಾಸ್ತರು ಮಗುವಿನ ಹಲ್ಲು ನೋಡ್ತಾರೆ, ಎತ್ತರ ನೋಡ್ತಾರೆ, 1-6 ಅಂತ ಬರೆದು ಮುಂದೆ ಒಂದು ವರ್ಷ ಹಾಕ್ತಾರೆ. ಆಯ್ತು, ಹುಟ್ಟಿದೆವು.

ಜನನ ನೋಂದಣಿಗೆ 1969ರಿಂದ ಕಾಯ್ದೆ ಅದ, 21 ದಿನದೊಳಗೆ ಹೇಳಿಬರಬೇಕು. ಖರೇ, ಮನೆಯಲ್ಲೇ ಹೆರಿಗೆ ಆದಾಗ ಬಾಣಂತಿ ಬಿಟ್ಟು ಯಾರು ಹೋಗ್ಬೇಕು? 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ. ಅಂದ್ರ ನಮ್ಮ ಅಕ್ಕನ ಕೂಸಿಗೆ ತನ್ನದೇ ಒಂದು ದಿನ ಅದ. ಜೂನ್ 1ರ ಕೊನೆಯ ಬ್ಯಾಚು ಬಹುಶಃ ನಾವೇ.

ಅವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು ಎಳ್ಳಾಮಾಸಿ ಮರುದಿನ. ಅಂದ್ರ ಚಳಿಗಾಲ. ಕೇಕ್ ಕತ್ತರಿಸಿದ್ದು ನೆತ್ತಿ ಸುಡುವ ಬಿಸಿಲಿನಾಗ.

3/7
ಮರುದಿನ ಬ್ಯಾಗ್ ಏರಿಸಿ ಊರಿಗೆ ಹೋದೆ. ಗಾಣಗಾಪುರದ ಸಮೀಪ ನಮ್ಮೂರು. ಈ ಫೋಟೋದಲ್ಲಿ ಕಾಣೋದು ಸಂಗಮ. ಆಳಂದ ಕಡೆಯಿಂದ ಬರೋ ಅಮರ್ಜಾ ಇಲ್ಲಿ ಭೀಮೆಗೆ ಕೂಡ್ತದ. ಅದೇ ಭೀಮಾ ಮುಂದ ಜೇವರ್ಗಿ ಕಡೆಗೆ ಹರೀತದ. ಕೇಕಿನ ಮೇಲಿದ್ದ ಮೂರು ತಾಲ್ಲೂಕು ನೀರಿನ ಲೆಕ್ಕದಾಗ ಒಂದೇ ಮನೆ ನೋಡ್ರಿ.

ಊರಿನಲ್ಲಿ ನಾನೇನು ಮಾಡಿದೆ? ಏನೂ ಇಲ್ಲ. ಬೇವಿನ ಗಿಡದ ಕೆಳಗೆ ಹೊರಸು. ಬೆಳಿಗ್ಗೆ ಸುಸಲಾ, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಆಮ್ಯಾಲೆ ಎರಡು ತಾಸು ನಿದ್ದೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಯಾಕಂದ್ರ ಜೂನ್ ಮೊದಲ ವಾರ ಊರಿಗೆ ಊರೇ ಖಾಲಿ ಕೂತಿರ್ತದ. ಹೊಲ ಹದ ಆಗಿದೆ, ತೊಗರಿ ಬೀಜ ಮನೆಗೆ ಬಂದಿದೆ, ಮಿರಗಾ ಮಳಿ ಮಾತ್ರ ಬಂದಿಲ್ಲ. ಎಲ್ಲರೂ ಕಟ್ಟೆ ಮೇಲೆ ಕೂತು ಮುಗಿಲು ನೋಡೋರೇ. ಅವರು ಮಳಿ ಕಾಯ್ತಿದ್ದರು, ನಾನು ರಿಸಲ್ಟ್ ಕಾಯ್ತಿದ್ದೆ.

4/7
ಹೊತ್ತು ಹೋಗಲಿಲ್ಲ ಅಂತ ಕಟ್ಟೆ ಮೇಲಿನವರನ್ನ ಒಂದೇ ಪ್ರಶ್ನೆ ಕೇಳ್ತಾ ಹೋದೆ: "ನೀವು ಯಾವಾಗ ಹುಟ್ಟಿದ್ದು?" ಕೇರಳದ ಗೆಳೆಯನಿಗೆ ಕಳಿಸೋಣ ಅಂತ ಬರೆದುಕೊಂಡೆ.

ಒಬ್ಬರು ಶರಣಬಸಪ್ಪನ ಜಾತ್ರೆಯ ತೇರಿನ ದಿನ. ಒಬ್ಬರು ಆಳಂದದ ಲಾಡ್ಲೆ ಮಶಾಕರ ಉರುಸಿಗೆ ಅವರವ್ವ ಹೋಗಿ ಬಂದ ಮೂರನೇ ದಿನ. ಒಬ್ಬರು ಕಾರಹುಣ್ಣಿಮೆ, ಎತ್ತಿಗೆ ಬಣ್ಣ ಹಚ್ಚುವಾಗ. ಒಬ್ಬರು ಬಿಳಿಜೋಳ ರಾಶಿ ಮಾಡುವ ಹೊತ್ತಿಗೆ, ಕಣದಾಗೇ. ವರ್ಷ ಕೇಳಿದ್ರ ಯಾರೂ ಅಂಕಿ ಹೇಳಲಿಲ್ಲ. ಭೀಮಾ ಹೊಳಿ ಬಂದ ವರ್ಷ, ಬಾವಿ ತೋಡಿದ ವರ್ಷ, ದೊಡ್ಡಪ್ಪನ ಮದುವೆ ವರ್ಷ. ಒಬ್ಬರ ಹುಟ್ಟಿಗೆ ಇನ್ನೊಬ್ಬರ ಸಾಕ್ಷಿ. "ನಾನು ಇವನಿಗಿಂತ ಒಂದು ಸುಗ್ಗಿ ದೊಡ್ಡಾಂವ" ಅಂತ ಒಬ್ಬ ಅಂದ್ರ, ಅವನು ತಲೆ ಹಾಕಿದ.

ನಮ್ಮ ಮೊಬೈಲು ವರ್ಷಕ್ಕೊಮ್ಮೆ ನೆನಪಿಸ್ತದ, ಅಷ್ಟೇ. ಇವರದ್ದು ಹಂಗಲ್ಲ. ನೀವು ಹುಟ್ಟಿದ ದಿನ ಮಳಿ ಇತ್ತೋ ಇಲ್ಲೋ ಅಂತ ಇನ್ನೊಬ್ಬರಿಗೆ ನೆನಪಿರ್ತದ.

5/7
ಆರನೇ ದಿನ ಜೇವರ್ಗಿ ತಾಲ್ಲೂಕಿಗೆ, ಅವ್ವನ ತವರಿಗೆ. ಹೊಳಿ ದಂಡಿಯ ಊರು. ಅಜ್ಜಿಗೂ ಅದೇ ಪ್ರಶ್ನೆ ಕೇಳಿದೆ. "ರಜಾಕಾರರ ಗದ್ದಲ ಮುಗದು ಎರಡು ಸುಗ್ಗಿ ಆಗಿತ್ತಂತ" ಅಂದಳು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17. ಎರಡು ಸುಗ್ಗಿ ಕೂಡಿಸಿದ್ರ 1950. ಅಂದ್ರ 75.

ಅಜ್ಜಿ ಒಳಗೆ ಹೋಗಿ ತನ್ನ ಕಾರ್ಡು ತಂದಳು. ಅದರಲ್ಲಿ 01/01/1963. ಶಿಬಿರದಲ್ಲಿ ಯಾರೋ ಅಂದಾಜಿಗೆ ಹೊಡೆದದ್ದು. ಆಕೆಗೆ ಓದು ಬರೋದಿಲ್ಲ, ನಾವ್ಯಾರೂ ತೆಗೆದು ನೋಡಿರಲಿಲ್ಲ. ಕಾಗದದ ಪ್ರಕಾರ ಅಜ್ಜಿಗೆ 62.

ಇದರಲ್ಲಿ ನಗೋದೇನೂ ಇಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ಸಿಗೋದು 65 ತುಂಬಿದವರಿಗೆ. ಬಾಜೂ ಮನೆಯಾಕೆ, ಅಜ್ಜಿ ಎತ್ತಿ ಆಡಿಸಿದಾಕೆ, ತಗೊಳ್ತಾಳ. ಅಜ್ಜಿಗೆ ಪ್ರತಿಸಲ "ಇನ್ನೂ ವಯಸ್ಸಾಗಿಲ್ಲ" ಅಂತ ಹೇಳಿ ಕಳಿಸ್ಯಾರ. ಆಕೆ ಹೇಳಿದ ಮಾತು ಹಂಗೇ ಬರೀತೀನಿ: "ಅಷ್ಟು ಸಣ್ಣಾಕಿ ಇದ್ರ ನನ್ನ ಮೊಣಕಾಲು ಯಾಕ ನೋಯ್ತಾವ, ಕೇಳಿ ಬಾ ಅವರಿಗಿ."

ನಂದೂ ಸುಳ್ಳು ತಾರೀಖು, ಆಕೆಯದ್ದೂ ಸುಳ್ಳು ತಾರೀಖು. ನನಗೆ ಅದರಿಂದ ಕೇಕ್ ಸಿಕ್ಕಿತು, ನೌಕರಿ ಅರ್ಜಿಯ ವಯೋಮಿತಿಗೆ ಒಂದಷ್ಟು ತಿಂಗಳು ಹೆಚ್ಚುಕಮ್ಮಿ ಆಯ್ತು. ಆಕೆಗೆ ಹತ್ತು ವರ್ಷದ ಔಷಧದ ರೊಕ್ಕ ಹೋಯ್ತು.

6/7
ಉಳಿದ ದಿನಗಳೂ ಖಾಲಿಯೇ ಇದ್ದವು, ಒಂದು ಕೆಲಸ ಮಾತ್ರ ಸೇರಿಕೊಂಡಿತು. ಅಜ್ಜಿಯ ಟ್ರಂಕಿನಲ್ಲಿ ಏನಾದರೂ ಹಳೇ ಕಾಗದ? ಇದ್ದವಂತೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಊರೊಳಗೆ ಬಂದಾಗ ಟ್ರಂಕು ಮುಳುಗಿತ್ತು. ಒಳಗೆ ಈಗ ಮಣ್ಣು ಹಿಡಿದ ಒಂದು ಇಳಕಲ್ ಸೀರೆ, ಅಷ್ಟೇ.

ಆಗ ಅಜ್ಜಿಯೇ ದಾರಿ ತೋರಿಸಿದಳು. "ನಿನ್ನ ದೊಡ್ಡವ್ವ ಬರದಾಗ ಹುಟ್ಟಿದಾಕಿ. ನಾಲ್ಕನೇತ್ತೆ ತನಕ ಸಾಲಿಗಿ ಹೋಗ್ಯಾಳ." ಬರ ಅಂದ್ರ ನಮ್ಮ ಕಡೆ ಕೇಳಬೇಕಾಗಿಲ್ಲ, 1972. ಶಾಲೆಗೆ ಹೋದೆ. ಹಳೇ ದಾಖಲಾತಿ ಪುಸ್ತಕ ಎತ್ತರದ ಕಪಾಟಿನಾಗಿತ್ತು, ನೀರು ಮುಟ್ಟಿರಲಿಲ್ಲ. ಮಾಸ್ತರು ಹುಡುಕಿ ತೆಗೆದರು. ದೊಡ್ಡವ್ವನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ 1-6-1972!

ಈಗ ಲೆಕ್ಕ ಮಾಡ್ರಿ. ತಾಯಿ 1963, ಮಗಳು 1972. ಕಾಗದ ನಂಬಿದ್ರ ನಮ್ಮ ಅಜ್ಜಿ 9ನೇ ವರ್ಷಕ್ಕೆ ಹಡೆದಿರಬೇಕು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಆ ಪುಟದ ದೃಢೀಕೃತ ನಕಲು ತಗೊಂಡು, ಅಜ್ಜಿಯ ಹೆಬ್ಬೆಟ್ಟು ಹಾಕಿಸಿ ತಿದ್ದುಪಡಿ ಅರ್ಜಿ ಕೊಟ್ಟೀವಿ. ಏನಾಗ್ತದೋ ನೋಡಬೇಕು. ಹೋದ ಹತ್ತು ವರ್ಷದ್ದು ಬರೋದಿಲ್ಲ ಅಂತ ಅಜ್ಜಿಗೂ ಗೊತ್ತು. ಮುಂದಿನ ಮೂರು ವರ್ಷ ಕಾಯೋದು ತಪ್ಪಿದ್ರ ಸಾಕು.

7/7
ನಿಮಗೆ ಒಂದೇ ಮಾತು. ರಜೆ ಅದ, ರಿಸಲ್ಟ್ ಬಂದಿಲ್ಲ, ಮಳಿನೂ ಬಂದಿಲ್ಲ. ಖಾಲಿ ಕೂಡ್ರಿ, ತಪ್ಪಲ್ಲ. ಖಾಲಿ ಕೂತವರಿಗೇ ಮುದುಕರು ಮಾತು ಹೇಳ್ತಾರೆ, ಗಡಿಬಿಡಿಯಲ್ಲಿ ಇರೋರಿಗೆ ಹೇಳೋದಿಲ್ಲ. ಕೂತಲ್ಲೇ ಮೂರು ಕೆಲಸ ಮಾಡ್ರಿ. ಅಜ್ಜ-ಅಜ್ಜಿಯ ಕಾರ್ಡು ತೆಗೆದು ತಾರೀಖು ಓದ್ರಿ. ಯಾವ ವರ್ಷ, ಯಾವ ಸುಗ್ಗಿ, ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ, ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡ್ರಿ. ದೊಡ್ಡ ಮಗ ಅಥವಾ ಮಗಳು ಶಾಲೆ ಮೆಟ್ಟಿಲು ಹತ್ತಿದ್ರ ಆ ಶಾಲೆಯ ದಾಖಲೆ ಹುಡುಕ್ರಿ.

ನಿಮ್ಮನೆಯವರು ಯಾವಾಗ ಹುಟ್ಟಿದ್ದು? ತಾರೀಖು ಬ್ಯಾಡ. ತೊಗರಿ ಹೂವೋ, ಉರುಸೋ, ಹೊಳಿಯೋ, ಅದನ್ನ ಕೆಳಗೆ ಬರೀರಿ. ಅಜ್ಜಿಗೆ ಓದಿ ಹೇಳ್ತೀನಿ.

#ಜೂನ್1 #ಕಲಬುರಗಿ #ಆಳಂದ #ಅಫಜಲಪುರ #ಜೇವರ್ಗಿ