ಅಜ್ಜಿ ನೋಡಿದ ಪಾರಿಜಾತ

ಪಾರಿಜಾತ ಅಂದರೆ ಭೀಮಾ ತೀರದ ನಮ್ಮ ದೇವಣಗಾಂವದಲ್ಲಿ ಮೊದಲು ನೆನಪಾಗುವುದು ಹೂವಲ್ಲ, ಆಟ. ಶ್ರೀಕೃಷ್ಣ ಪಾರಿಜಾತ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಕತೆ ಇಷ್ಟೇ. ಆದರೆ ಹಾಡಿ ಮುಗಿಸಲು ಇಡೀ ರಾತ್ರಿ ಬೇಕು! ಹಾರ್ಮೋನಿಯಂ, ತಬಲಾ, ತಾಳ... ನಡುವೆ ಗೊಲ್ಲತಿಗೂ ಭಾಗವತನಿಗೂ ಮಾತಿನ ಚಕಮಕಿ. ಹಾಡು ಹಿಡಿಸಿತೋ, ಜನ 'ಒನ್ಸ್ ಮೋರ್' ಅಂತ ಕೂಗುತ್ತಾರೆ, ಮೇಳದವರು ಮತ್ತೆ ಎತ್ತಿಕೊಳ್ಳುತ್ತಾರೆ. ಇಂಥ ಆಟ ಟಿವಿಯ ಅರ್ಧ ಗಂಟೆಯೊಳಗೆ ಹಿಡಿಸೀತೇ?

ಅಂದ ಹಾಗೆ, ಟಿವಿ ವಿಷಯದಲ್ಲಿ ನಮ್ಮ ಜಿಲ್ಲೆ ಬೆಂಗಳೂರಿಗಿಂತ ಹಿರಿಯದು. ನಂಬುತ್ತೀರಾ? 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಊರೊಟ್ಟಿನ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ!

ನಮ್ಮ ಮನೆಗೆ ಮಾತ್ರ ಟಿವಿ ಬಂದದ್ದು ತೊಂಬತ್ತರ ದಶಕದಲ್ಲಿ. ಒಂದು ಸಂಜೆ ಅದರಲ್ಲಿ ಪಾರಿಜಾತ ಬಂತು. ರಾತ್ರಿಯೆಲ್ಲ ಕೂತು ಆಟ ನೋಡಿ ಬೆಳೆದ ಕಾಕಾನಿಗೆ ಸಿಟ್ಟೇ ಬಂತು. "ಇದೇನ್ ಪಾರಿಜಾತೋ! ಕುಂತ ಜಾಗಾ ಬಿಸಿ ಆಗೂದ್ರಾಗ ಮುಗೀತು" ಅಂದ. ತಕರಾರು ಸರಿಯೇ. ಭಾಗವತ ಊರವರನ್ನು ಕೆಣಕಿ ನಗಿಸುವುದೇ ಆಟದ ಅರ್ಧ ರುಚಿ. ಸ್ಟುಡಿಯೋದಲ್ಲಿ ಕೆಣಕೋಣವೆಂದರೆ ಊರಾದರೂ ಎಲ್ಲಿರುತ್ತದೆ?

ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ನಮ್ಮ ಮನೆಯ ಹೆಂಗಸರು ರಾತ್ರಿ ಆಟಕ್ಕೆ ಹೋಗುವ ರೂಢಿ ಇರಲಿಲ್ಲ. ಮಾಳಿಗೆ ಮೇಲೆ ಮಲಗಿ, ಗಾಳಿಯಲ್ಲಿ ತೇಲಿ ಬಂದ ಹಾಡು ಕೇಳಿಯೇ ಅಜ್ಜಿಗೆ ಎಲ್ಲ ಬಾಯಿಪಾಠ. ಆವತ್ತು ಟಿವಿಯ ಭಾಮೆ ಬಾಯಿ ತೆರೆಯುವ ಮೊದಲೇ ಅಜ್ಜಿಯ ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ಮೆಲ್ಲಗೆ, "ಭಾಮಾ ಹಿಂಗಿರತಾಳೇನ? ನಾ ಇಷ್ಟ್ ದಿನಾ ಬ್ಯಾರೇನ ಮಾರಿ ಹಚ್ಚಿದ್ದೆ" ಅಂದಳು.

ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಮೇಳದೊಂದಿಗೆ ತಿರುಗಿ ಹೆಸರು ಮಾಡಿದ ಆಟ ಇದು. ಅದನ್ನು ನೋಡಲು ನಮ್ಮಜ್ಜಿಗೆ ನಾಲ್ಕು ಓಣಿ ದಾಟಲಾಗಲಿಲ್ಲ!

ಅಮೆರಿಕದಲ್ಲಿ 1955ರ ಮಾರ್ಚ್ 7ರಂದು 'ಪೀಟರ್ ಪ್ಯಾನ್' ಎಂಬ ಸಂಗೀತ ನಾಟಕವನ್ನು ಎನ್‌ಬಿಸಿ ಟಿವಿ ನೇರ ಪ್ರಸಾರ ಮಾಡಿತ್ತು. ಬ್ರಾಡ್‌ವೇ ರಂಗದಲ್ಲಿ ಆಗಷ್ಟೇ ಮುಗಿದಿದ್ದ ಆಟ, ಅದೇ ಮೇರಿ ಮಾರ್ಟಿನ್ ಮುಖ್ಯ ಪಾತ್ರದಲ್ಲಿ. ನೋಡಿದವರು ಸುಮಾರು ಆರೂವರೆ ಕೋಟಿ ಎಂಬ ಅಂದಾಜು. ಅಷ್ಟೂ ಜನರಲ್ಲಿ ನ್ಯೂಯಾರ್ಕಿಗೆ ಹೋಗಿ ಟಿಕೆಟ್ ಕೊಳ್ಳಬಲ್ಲವರು ಎಷ್ಟು ಮಂದಿ ಇದ್ದಾರು? ನಮ್ಮಜ್ಜಿಗೆ ಊರ ಅಗಸಿಯೇ ನ್ಯೂಯಾರ್ಕು.

ಟಿವಿಯಿಂದ ರಂಗ ಕೆಟ್ಟಿತು ಅನ್ನುವ ಮಾತು ಬಂದಾಗಲೆಲ್ಲ ನಾನು ಕಾಕಾನ ಪರವಾಗಿ ತಲೆಯಾಡಿಸುತ್ತೇನೆ. ಅರ್ಧ ಗಂಟೆಯದು ಪಾರಿಜಾತವೇ ಅಲ್ಲ, ಖರೆ. ಆದರೆ ಹಾಡು ಅಜ್ಜಿಯ ಹತ್ತಿರ ಮೊದಲೇ ಇತ್ತಲ್ಲ... ಬೇಕಿದ್ದದ್ದು ಒಂದು ಮುಖ. ಅಷ್ಟನ್ನು ಆ ಪೆಟ್ಟಿಗೆ ತಂದುಕೊಟ್ಟಿತು.

ಈಗ ಇಡೀ ರಾತ್ರಿಯ ಆಟವೇ ಮೊಬೈಲಿನಲ್ಲಿ ಸಿಗುತ್ತದೆ. 'ಒನ್ಸ್ ಮೋರ್' ಅನ್ನಲು ಪಕ್ಕದಲ್ಲಿ ಯಾರೂ ಇಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಹೀಗೆ ಮಾಳಿಗೆ ಮೇಲಿಂದ ನಾಟಕ ಕೇಳಿದವರು ಇದ್ದರಾ? ಇದ್ದರೆ ಒಮ್ಮೆ ಮಾತಾಡಿಸಿ ನೋಡಿ.